ಜೀವ ಕರೆಯುವ ದಾರ

ಜರ್ಸಿ ಸಿಟಿಯ ನಮ್ಮ ಎದುರು ಮನೆಯ ಅಜ್ಜಿ ಬರ್ಮಾದ ಕರೆನ್ ಜನಾಂಗದವರು. ಅವರ ಸಣ್ಣ ಪಂಗಡದ ಭಾಷೆಯನ್ನು ಇಲ್ಲಿ ಆಡುತ್ತಿದ್ದವರು ಅವರು ಮತ್ತು ಅವರ ಗಂಡ ಇಬ್ಬರೇ. ವರ್ಷಕ್ಕೊಮ್ಮೆ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಅಲೆಯಲು ಹೋದ ಜೀವವನ್ನು ಮನೆಗೆ ಕರೆಯುವುದು ಅವರ ಪದ್ಧತಿ. ಹಾಗೆ ಕರೆಯುತ್ತಿದ್ದ ಅಜ್ಜ ಹೋದ ಚಳಿಗಾಲ ತೀರಿಕೊಂಡರು.

ಈ ಸಲ ದಾರ ಹಿಡಿದ ಮೊಮ್ಮಗಳು ಸುಮ್ಮನೆ ನಿಂತಳು. ಇಲ್ಲೇ ಹುಟ್ಟಿದವಳು. ಬಾಯಿ ಬಿಟ್ಟು ಕರೆಯಬಾರದೇ ಎಂದು ರೇಗಿದೆ.

"ಐ ಓನ್ಲಿ ಅಂಡರ್‌ಸ್ಟ್ಯಾಂಡ್ ಇಟ್, ಆಂಟಿ," ಎಂದಳು.

ತಡೆಯಲಾರದೆ ದಾರ ಕಸಿದುಕೊಂಡು ಅಜ್ಜಿಯ ಮಣಿಕಟ್ಟಿಗೆ ನಾನೇ ಕಟ್ಟಿದೆ. "ಬಾರವ್ವಾ, ಮನಿಗೆ ಬಾ," ಎಂದು ಕನ್ನಡದಲ್ಲೇ ಕರೆದೆ.

ಅಜ್ಜಿ ನನ್ನ ಕೆನ್ನೆ ಸವರಿ ಏನೋ ಹೇಳಿದರು. ಅದರ ಅರ್ಥವನ್ನು ಮೊಮ್ಮಗಳು ತಲೆ ತಗ್ಗಿಸಿ ಹೇಳಿದಳು: ಚೆನ್ನಾಗಿ ಕರೆದೆ ಮಗಳೇ, ಆದರೆ ನನ್ನ ಜೀವಕ್ಕೆ ನಮ್ಮ ಮಾತೊಂದೇ ತಿಳಿಯುವುದು.