ಪರದೆಯ ಮೇಲೆ ಬಂದ ‘ಹೊಗೆ’

ಕಳೆದ ಭಾನುವಾರ ಬೆಳಿಗ್ಗೆ ನಾನು ನನ್ನ ಸ್ನೇಹಿತ ಸಲೀಮನ ಮೇಲೆ ಗುಂಡು ಹಾರಿಸುತ್ತಲೇ ಇದ್ದೆ. ಅವನು ತಿರುಗಿ ಹಾರಿಸಲಿಲ್ಲ.

ಗಾಬರಿ ಬೇಡ, ಇದು ಕಂಪ್ಯೂಟರ್ ಆಟ. (ನಾನೂ ಹಾಗೇ ಅಂದುಕೊಂಡಿದ್ದೆ.) ಬಾಹ್ಯಾಕಾಶದಲ್ಲಿ ಅವನದೊಂದು ನೌಕೆ, ನನ್ನದೊಂದು. ಒಬ್ಬರನ್ನೊಬ್ಬರು ಹೊಡೆಯಬೇಕು. ನಾನು ಶಿವಮೊಗ್ಗದ ನನ್ನ ಮನೆಯಲ್ಲಿ, ಅವನು ಭದ್ರಾವತಿಯ ತನ್ನ ಮನೆಯಲ್ಲಿ. ನಡುವೆ ಇಂಟರ್ನೆಟ್.

ಆಟ ಶುರು ಮಾಡುವುದೇ ಒಂದು ಸಾಹಸ. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಬೇಕು. ಅದು ಕಿರುಚಿ, ಕೆಮ್ಮಿ, ಕನೆಕ್ಟ್ ಆಗಬೇಕು. ಆಮೇಲೆ ಸಲೀಂ ತನ್ನ ಕಂಪ್ಯೂಟರಿನ ಐಪಿ ನಂಬರನ್ನು (ಇಂಟರ್ನೆಟ್ಟಿನಲ್ಲಿ ಅದರ ವಿಳಾಸ) ಚಾಟ್‌ನಲ್ಲಿ ಕಳಿಸಬೇಕು. ಅದು ಪ್ರತಿ ಸಲವೂ ಬದಲು. ಒಂದು ಚುಕ್ಕಿ ತಪ್ಪಿದರೂ ನಾನು ಅವನ ಆಟದೊಳಗೆ ಹೋಗಲಾರೆ. ಒಳಗೆ ಹೋದಮೇಲೆ ಇಬ್ಬರ ಫೋನೂ ಎಂಗೇಜ್. ಯಾರೂ ನಮ್ಮನ್ನು ಕರೆಯುವಂತಿಲ್ಲ, ನಾವೂ ಯಾರನ್ನೂ ಕರೆಯುವಂತಿಲ್ಲ. ಅದೊಂದು ಸುಖ ಎಂದೇ ಭಾವಿಸಿದ್ದೆವು.

ಬೈದಾಡದಿದ್ದರೆ ಮಜಾ ಎಲ್ಲಿ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತೇವೆ. ಹೊಡೆದವನು ‘ಹೊಗೆ!’ ಎಂದು ಬರೆಯುತ್ತಾನೆ. ಗೊತ್ತಲ್ಲ, ಹೊಗೆ ಹಾಕಿಸಿಕೊಂಡ ಅಂದರೆ ಅವನ ಕಥೆ ಮುಗಿಯಿತು ಎಂದರ್ಥ. ಆ ಬೆಳಿಗ್ಗೆಯೂ ನಾನು ಅದನ್ನು ಬರೆದಿದ್ದೆ. ‘ಬ್ಯಾಟ್ರಿ ಅಂಗಡಿ ಸಾಹುಕಾರ್ರೇ, ಚಾರ್ಜ್ ಇಳೀತಾ?’ ಎಂದೂ ಕೆಣಕಿದ್ದೆ. ಸಲೀಮನದು ಬ್ಯಾಟರಿ ಅಂಗಡಿ. ‘ತಡಿ ಮಾರಾಯ, ಬರ್ತೀನಿ’ ಎಂದು ಅವನು ಬೆನ್ನು ಹತ್ತಿದ.

ಸ್ವಲ್ಪ ಹೊತ್ತಿಗೆ ಅವನಿಂದ ಒಂದೇ ಪದ ಬಂತು: ‘ಹೊಗೆ’.

ನನ್ನ ನೌಕೆಗೆ ಪೆಟ್ಟೇ ಬಿದ್ದಿರಲಿಲ್ಲ. ‘ಯಾರಿಗೋ ಹೊಗೆ? ಕಣ್ಣು ಕಾಣಲ್ವಾ?’ ಎಂದು ಬರೆದೆ. ಅವನ ನೌಕೆ ನೇರವಾಗಿ ಹೋಗುತ್ತಿತ್ತು. ಸಲೀಂ ಎಂದೂ ನೇರ ಹಾರುವವನಲ್ಲ. ನಾನು ಹಿಂದೆ ಹೋದೆ, ಗುರಿ ಇಟ್ಟೆ, ಹೊಡೆದೆ. ಅದು ತಿರುಗಲಿಲ್ಲ. ಮತ್ತೆ ಹೊಡೆದೆ. ಸಿಡಿಯಿತು. ಮತ್ತೆ ಆಟಕ್ಕೆ ಬರಲು ಅವನು ಒಂದು ಕೀ ಒತ್ತಬೇಕು. ಒತ್ತಲಿಲ್ಲ.

ಆಗ ಆ ಪದವನ್ನು ಇನ್ನೊಮ್ಮೆ ಓದಿದೆ.

ಅವನ ಹೆಂಡತಿ, ಮಕ್ಕಳು ಊರಿಗೆ ಹೋಗಿದ್ದರು. ಮನೆಯಲ್ಲಿ ಅವನೊಬ್ಬನೇ. ಇಂಟರ್ನೆಟ್ ಕಟ್ ಮಾಡಿ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಅವನ ಮೋಡೆಮ್ ಇನ್ನೂ ಲೈನ್ ಹಿಡಿದುಕೊಂಡಿತ್ತು. ಭದ್ರಾವತಿಯ ಬೆಂಕಿ ಆರಿಸುವವರಿಗೆ ಫೋನ್ ಮಾಡಿ ವಿಳಾಸ ಹೇಳಿದೆ.

“ಬೆಂಕಿ ನೀವು ನೋಡಿದ್ರಾ?”

“ಇಲ್ಲ ಸಾರ್. ಓದಿದೆ.”

ಸ್ಕೂಟರ್ ಹತ್ತಿದೆ. ಮಲವಗೊಪ್ಪ ದಾಟಿದ ಮೇಲೆ ದೂರದ ಆಕಾಶದಲ್ಲಿ ಕಪ್ಪು ಹೊಗೆ ಕಂಡಿತು. ಕಾರ್ಖಾನೆಯದು, ದಿನಾ ಇರುವಂಥದ್ದೇ. ಅಂದು ಮಾತ್ರ ಅದನ್ನು ನೋಡಲಾಗಲಿಲ್ಲ. ರಸ್ತೆ ನೋಡಿಕೊಂಡೇ ಹೋದೆ.

ಸಲೀಮನ ಮನೆಯ ಬಾಗಿಲು ಮುರಿದಿತ್ತು. ಅಂಗಳದಲ್ಲಿ ನೀರು, ಅರೆಸುಟ್ಟ ಹಾಸಿಗೆ. ಜಗಲಿಯ ಮೇಲೆ ಅವನು ಕೂತು ಕೆಮ್ಮುತ್ತಿದ್ದ. ಮುಖವೆಲ್ಲ ಮಸಿ.

“ಫ್ರಿಜ್ಜಿನ ಸ್ಟೆಬಿಲೈಜರ್ ಹತ್ಕೊಂಡಿದ್ದು ಸಾರ್,” ಎಂದರು ಪಕ್ಕದ ಮನೆಯ ಸೆಲ್ವಿ ಅಕ್ಕ. “ಅದ್ರ ಪಕ್ಕಾನೇ ಹಾಸಿಗೆ ಮಡಚಿ ಇಟ್ಟವ್ರೆ. ಕಿಟಕೀಲಿ ಹೊಗೆ ನೋಡಿ ನಮ್ಮ ಮನೆಯವ್ರು ಬಾಗ್ಲು ಒಡೆದ್ರು. ಇವ್ರು ಹಾಲ್‌ನಲ್ಲಿ ಬಿದ್ದಿದ್ರು. ಅಯ್ಯೋ ಮುರುಗಾ, ಇನ್ನೊಂಚೂರು ಲೇಟಾಗಿದ್ರೆ?”

ಬೆಂಕಿ ಗಾಡಿಯವರು ಪೈಪ್ ಸುತ್ತುತ್ತಿದ್ದರು. ಸಲೀಂ ನನ್ನನ್ನೇ ನೋಡಿದ. ಗಂಟಲು ಒಡೆದಿತ್ತು.

“ಬರೆದ್ನಲ್ಲೋ, ಹೊಗೆ ಅಂತ. ಎಲ್ಲಿಂದ ಅಂತ ನೋಡ್ಕೊಂಡು ಬರ್ತೀನಿ, ಅಷ್ಟರವರೆಗೆ ಆಟ ನಿಲ್ಸು ಅನ್ನೋ ಅರ್ಥದಲ್ಲಿ.”

“ಆಟದ್ದು ಅಂದ್ಕೊಂಡೆ ಕಣೋ.”

“ಮತ್ತೇನಂತ ಬರೀಬೇಕಿತ್ತು ಮಾರಾಯ?”

ಅವನು ಕೋಪದಿಂದ ಕೇಳಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ. ವಾರವಿಡೀ ಯೋಚಿಸಿದ್ದೇನೆ. ‘ಬೆಂಕಿ’ ಎಂದಿದ್ದರೆ? ‘ಸತ್ತೆ’ ಎಂದಿದ್ದರೆ? ‘ಕಾಪಾಡೋ’ ಎಂದಿದ್ದರೆ? ಇವೆಲ್ಲವನ್ನೂ ನಾವು ಪ್ರತಿ ಭಾನುವಾರ ನಗುತ್ತಾ ಬರೆದವರೇ.

ನೀವೇ ಹೇಳಿ, ಯಾವ ಪದಕ್ಕೆ ನಾನು ಕುರ್ಚಿಯಿಂದ ಏಳುತ್ತಿದ್ದೆ?