ಎಡಗಡೆಯ ಆಡು

ಇದನ್ನು ಹೇಳುವುದನ್ನು ಬಹಳ ಮುಂದೂಡಿದೆ. ಗೋಕಾಕ ಫಾಲ್ಸ್‌ನ ನಮ್ಮ ಚರ್ಚಿಗೆ ಆಡು ಸಾಕುವ ಹೆಂಗಸೊಬ್ಬಳು ಬರುತ್ತಿದ್ದಳು. ಬೈಬಲಿನ ಯಾವ ಕತೆ ಓದಿದರೂ ಗದ್ದ ಎತ್ತಿ, “ಇದು ಹೋಲಿಕಿ ಐತ್ರಿ” ಎನ್ನುತ್ತಿದ್ದಳು.

ಕಡೆಯ ತೀರ್ಪಿನಲ್ಲಿ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ, ನರಕಕ್ಕೆ ಎಂದು ಓದಿದ ದಿನ ಸಭೆಯ ಹಿರಿಯನಾದ ನಾನು, “ಮೊದ್ಲ ಆಡು ಮಾರಿ ಬಾ, ಆಮ್ಯಾಲ ಪ್ರಭುಭೋಜನ” ಎಂದು ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ಹಿಂದಕ್ಕೆಳೆದೆ.

ಆಕೆ ಚಾಚಿದ ಕೈ ಇಳಿಸಲಿಲ್ಲ. “ಹಿರ್ಯಾರ, ಹೆಂಗಸ್ರು ನಾವೆಲ್ಲಾ ಎಡಗಡೆನ ಕುಂತೇವಿ. ನಿಮ್ಮ ಮನಿಯವ್ರೂ ಇಲ್ಲೇ ಅದಾರ. ಅವರೂ ಆಡೇನ್ರಿ?”

ನನ್ನ ಹೆಂಡತಿ ತನ್ನ ತುಂಡು ಮುರಿದು ಅರ್ಧವನ್ನು ಆ ಕೈಯಲ್ಲಿಟ್ಟಳು.

ಮುಂದಿನ ರವಿವಾರ ಆಕೆ ಚರ್ಚಿನ ಗೇಟಿಗೇ ಆಡು ಕಟ್ಟಿ, ಎಡಗಡೆಯ ಮೊದಲ ಸಾಲಿನಲ್ಲಿ ಕುಳಿತಳು. ನಾನು ಕೊನೆಗೂ ಕ್ಷಮೆ ಕೇಳದೆ ಉಳಿದದ್ದು ಆಕೆಯನ್ನೇ, ಊರೆಲ್ಲ ‘ಆಡಿನ ಅಕ್ಕ’ ಎಂದು ಕರೆಯುತ್ತಿದ್ದವಳನ್ನು.