ಪಕ್ಕದ ಸೀಟಿನ ಟೈಪಿಸ್ಟ್

“ಬೇಟಾ, ಈ ಸಾಲಿನ್ಯಾಗ ನೀ ಟ್ಯಾಬ್ ಒತ್ತಿಲ್ಲ, ಸ್ಪೇಸ್ ಒತ್ತೀದಿ ನೋಡು.”

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯ ಮಹಿಳೆ ಕನ್ನಡಕ ಏರಿಸಿಕೊಂಡು ಹೀಗೆಂದಾಗ ಬೆಚ್ಚಿಬಿದ್ದೆ. ಅವರ ಮಡಿಲಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ನನ್ನ ಮಡಿಲಲ್ಲಿ ಲ್ಯಾಪ್‌ಟಾಪ್. ಹತ್ತು ಗಂಟೆಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕು. ಪ್ರೋಗ್ರಾಂ ಸರಿಯಿತ್ತು; ಅದರ ತುಣುಕುಗಳನ್ನೆಲ್ಲ ಜೋಡಿಸಲು ಕಾಲೇಜಿನಲ್ಲಿ ಕೊಟ್ಟಿದ್ದ ಮೇಕ್‌ಫೈಲ್ ಎಂಬ ಕಡತ ಮಾತ್ರ ನಾನು ಹೊಸದಾಗಿ ಸೇರಿಸಿದ ಸಾಲನ್ನು ಒಪ್ಪುತ್ತಲೇ ಇರಲಿಲ್ಲ. ನನ್ನ ಕಣ್ಣಿಗೆ ಎಲ್ಲ ಸಾಲುಗಳೂ ಒಂದೇ ಥರ ಕಾಣುತ್ತಿದ್ದವು.

“ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದೆ.

“ನೀ ಬಾಣದ ಗುಂಡಿ ಒತ್ತಿ ಸರಿಸೋವಾಗ ಮ್ಯಾಲಿನ ಸಾಲಿನ್ಯಾಗ ಆ ಮಿಣಮಿಣ ಕಡ್ಡಿ ಒಂದೇ ಸಲ ಜಿಗಿತು. ಇಲ್ಲಿ ನಾಕು ಹೆಜ್ಜಿ ಹಾಕ್ತು. ಮೂವತ್ತು ವರ್ಷ ಆಫೀಸಿನ್ಯಾಗ ಟೈಪ್ ಮಾಡೀನಿ, ಖಾಲಿ ಜಾಗಾನೂ ನನಗ ಕಾಣ್ತದ.”

ನಿಜ ಹೇಳಬೇಕೆಂದರೆ ನಾನು ಟ್ಯಾಬನ್ನೇ ಒತ್ತಿದ್ದೆ. ಅದನ್ನು ಸದ್ದಿಲ್ಲದೆ ನಾಲ್ಕು ಸ್ಪೇಸ್ ಮಾಡುತ್ತಿದ್ದುದು ನಾನು ಕೋಡ್ ಬರೆಯುವ ತಂತ್ರಾಂಶ, ನನ್ನ ಎಡಿಟರ್! ಮೇಕ್‌ಫೈಲಿಗೋ ಟ್ಯಾಬೇ ಬೇಕು. ಎಡಿಟರ್‌ನ ಸೆಟ್ಟಿಂಗ್ ಬದಲಿಸಿ, ಆ ಸ್ಪೇಸ್‌ಗಳನ್ನು ಅಳಿಸಿ, ಮತ್ತೆ ಟ್ಯಾಬ್ ಒತ್ತಿ ಮೇಕ್‌ಫೈಲ್ ಓಡಿಸಿದೆ. ಒಂದೇ ಏಟಿಗೆ ಆಯಿತು. ನಾನು ಖುಷಿಗೆ ಕೂಗಿದ್ದು ಕೇಳಿ ಕಂಡಕ್ಟರ್ ಹಿಂತಿರುಗಿ ನೋಡಿದ. ಅವರು ನಕ್ಕು, ನನ್ನ ಕೈಗೊಂದು ಬಾಳೆಹಣ್ಣು ಇಟ್ಟು, ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಇಳಿದುಹೋದರು. ಹೆಸರು ಕೇಳಲೂ ನೆನಪಾಗಲಿಲ್ಲ.

ಈಗ ನನ್ನ ಎಡಿಟರ್‌ನಲ್ಲಿ ಟ್ಯಾಬ್ ಇದ್ದಲ್ಲಿ ಪುಟ್ಟ ಬಾಣ, ಸ್ಪೇಸ್ ಇದ್ದಲ್ಲಿ ಚುಕ್ಕಿ ಕಾಣುವಂತೆ ಮಾಡಿಕೊಂಡಿದ್ದೇನೆ. ಖಾಲಿ ಜಾಗ ಕಾಣಲು ನನಗೆ ಇಷ್ಟೆಲ್ಲ ಬೇಕಾಯಿತು. ಅವರಿಗೆ ಕನ್ನಡಕವೊಂದೇ ಸಾಕಾಗಿತ್ತು.